ಬೀಜದ ಹೋರಿ ಮತ್ತು ಅಡುಗೆಮನೆಯ ಕ್ಯಾಲೆಂಡರ್

ನಮ್ಮ ಅಡುಗೆಮನೆಯ ಗೋಡೆಯಲ್ಲಿ ತೂಗುವ ಕ್ಯಾಲೆಂಡರಿನಲ್ಲಿ ಎರಡು ಥರದ ಗುರುತುಗಳಿರುತ್ತಿದ್ದವು. ನೀಲಿ ಪೆನ್ನಿನಲ್ಲಿ ಬರೆದದ್ದು ಹಸುಗಳದ್ದು. ಕೆಂಪು ಚುಕ್ಕೆ ನನ್ನದು. ಹಸುಗಳದ್ದು ಇಪ್ಪತ್ತೊಂದು ದಿನದ ಲೆಕ್ಕ, ನನ್ನದು ಇಪ್ಪತ್ತೆಂಟರದು. ಒಮ್ಮೆ ಮನೆಗೆ ಬಂದ ನನ್ನ ತಂಗಿ ಅದನ್ನು ನೋಡಿ, "ಏನಕ್ಕ ಇದು, ನಿನ್ನೂ ದನದ ಜೊತೆ ಸೇರಿಸ್ಬುಟ್ಟವ್ರಾ?" ಎಂದು ನಕ್ಕಳು. ನಾನೂ ನಕ್ಕೆ. ನಗದೆ ಏನು ಮಾಡಲಿ, ಇದ್ದದ್ದನ್ನೇ ಹೇಳಿದ್ದಳು.

ಹುಣಸೂರಿನಿಂದ ಕಟ್ಟೆಮಳಲವಾಡಿ ಕಡೆಗೆ ಹೋಗುವಾಗ ಹೊಗೆಸೊಪ್ಪು ಹದಮಾಡುವ ಬ್ಯಾರನ್ನು ಮನೆಗಳ ನಡುವೆ ಒಂದು ಮಣ್ಣುದಾರಿ ಒಳಕ್ಕೆ ತಿರುಗುತ್ತದೆ. ಅಲ್ಲಿ ನಮ್ಮೂರು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಗಂಡನ ಹೆಸರು ಹೇಳಿದರೆ ಯಾರಿಗೂ ಗುರುತು ಹತ್ತುತ್ತಿರಲಿಲ್ಲ. "ಹೋರಿ ಮನೆ ಸೊಸೆ" ಎಂದರೆ ಮಾತ್ರ ದಿನಸಿ ಅಂಗಡಿಯವನೂ ಎದ್ದು ನಿಂತು ಸಾಮಾನು ಕಟ್ಟುತ್ತಿದ್ದ. ಡಿಗ್ರಿ ಓದಿದವಳಿಗೆ ಒಂದು ಹೋರಿಯಿಂದ ಮರ್ಯಾದೆ ಸಿಗಬೇಕಾಯಿತಲ್ಲ ಎಂದು ನಾನು ಒಳಗೊಳಗೇ ಉರಿಯುತ್ತಿದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ತವರಿನಿಂದ ತಂದ ಬಳುವಳಿಗಳಲ್ಲಿ ಇನ್ನೂ ಸವೆಯದೆ ಉಳಿದಿರುವುದು ಅದೊಂದೇ.

ಮಾವ ಬೀಜದ ಹೋರಿ ಸಾಕುತ್ತಿದ್ದರು. ಹಳ್ಳಿಕಾರ್ ಹೋರಿ; ಬೂದು ಮೈ, ಹಿಂದಕ್ಕೆ ಬಾಗಿ ಮೇಲೆದ್ದ ಕೊಂಬು, ನಡೆದರೆ ನೆಲಕ್ಕೆ ನೋವಾಗದಂತೆ ನಡೆಯುವ ಕಾಲು. ಹಸು ಬೆದೆಗೆ ಬಂದರೆ ಸುತ್ತಲ ಊರಿನವರು ನಮ್ಮ ಹಿತ್ತಲಿಗೆ ಹೊಡೆದುಕೊಂಡು ಬರುತ್ತಿದ್ದರು. ಹಾರನಹಳ್ಳಿಯಿಂದ, ಕಾಡಂಚಿನ ವೀರನಹೊಸಹಳ್ಳಿಯಿಂದ ಗೂಡ್ಸ್ ಆಟೋದಲ್ಲಿ ತರುವವರೂ ಇದ್ದರು. ಗಬ್ಬ ಕಟ್ಟಲು ಇಂಜೆಕ್ಷನ್ ಕೊಡಿಸುವ ಈ ಕಾಲದಲ್ಲಿ ಇವರೆಲ್ಲ ಯಾಕೆ ಇಷ್ಟು ದೂರ ಬರುತ್ತಾರೆ ಎಂದು ಕೇಳಿದ್ದಕ್ಕೆ ಮಾವ, "ಇಂಜೆಕ್ಸನ್ನು ಡೈರಿ ಅಸಕ್ಕೆ ಕಣವ್ವ. ನಾಟಿ ಅಸ ಓರಿ ಮೊಕ ನೋಡ್ಬೇಕು" ಎಂದಿದ್ದರು.

ಮಾವನ ತಾತ ಹುಣಸೂರಿನ ಸುತ್ತಲಿದ್ದ ಸರ್ಕಾರಿ ಹುಲ್ಲುಗಾವಲಿನಲ್ಲಿ ದನ ಕಾಯುತ್ತಿದ್ದವರಂತೆ. ಬ್ರಿಟಿಷರ ಪಲ್ಟನ್ನಿನ ಫಿರಂಗಿ ಎಳೆಯಲು ಇಲ್ಲಿಂದಲೇ ಎತ್ತು ಹೋಗುತ್ತಿದ್ದವಂತೆ. ಇಂಥ ಹೋರಿ ಇಂಥ ಊರಿನಲ್ಲಿ ನಿಲ್ಲುತ್ತದೆ, ಬೇಕಾದವರು ಹಸು ತನ್ನಿ ಎಂದು ತಮಟೆ ಹೊಡೆಸಿ ಸಾರುತ್ತಿದ್ದರಂತೆ. ಈಗ ಆ ತಮಟೆಯ ಕೆಲಸವನ್ನು ಮೊಬೈಲು ಮಾಡುತ್ತದೆ. ಹೋರಿಗೆ ಹೂವಿನ ಹಾರ ಹಾಕಿ, ಹಾಡು ಸೇರಿಸಿ, ವಿಡಿಯೋ ಬಿಡುವವರು ನಮ್ಮ ತಾಲ್ಲೂಕಿನಲ್ಲೇ ಎಷ್ಟೋ ಜನ. ನಮ್ಮನೆಯವರೂ ಒಮ್ಮೆ ಅಂಥದ್ದೊಂದು ಮಾಡಹೊರಟು ಅಪ್ಪನಿಂದ ಬೈಸಿಕೊಂಡರು. "ಓರಿ ಒಗಳಬ್ಯಾಡ ಕಣ್ಲಾ, ಕರ ತೋರ್ಸು" ಎನ್ನುವುದು ಮಾವನ ಮಾತು. ಹೋರಿ ಎಷ್ಟೇ ಚೆಂದವಿರಲಿ, ಅದರ ಕರು ನೋಡಿ ಜನ ಬರಬೇಕು.

ಹಿತ್ತಲಿನಲ್ಲಿ ಎರಡು ಕಲ್ಲುಕಂಬಗಳ ನಡುವೆ ಹಸುವನ್ನು ಕಟ್ಟುತ್ತಿದ್ದರು. ಹೋರಿಗೆ ಒಂದು ತೆಂಗಿನಕಾಯಿ, ಒಂದು ಸೇರು ಹುರುಳಿ ತಂದರೆ ಸಾಕು, ಮಾವ ದುಡ್ಡು ಮುಟ್ಟುತ್ತಿರಲಿಲ್ಲ. ಬೆದೆಗೆ ಬಂದು ಬಾಗಿಲಿಗೆ ಬಂದ ಹಸುವನ್ನು ತಿರುಗಿಸಿ ಕಳಿಸುತ್ತಿರಲಿಲ್ಲ. ಹಸು ಗಬ್ಬ ನಿಲ್ಲದೆ ಇಪ್ಪತ್ತೊಂದು ದಿನಕ್ಕೆ ಮತ್ತೆ ಬೆದೆಗೆ ಬಂದರೆ "ತಿರುಗಿತು" ಎನ್ನುತ್ತಾರೆ. ತಿರುಗಿ ಬಂದ ಹಸುವಿಗೆ ಎರಡನೇ ಸಲ ಕಾಯಿ, ಹುರುಳಿ ಎರಡೂ ಬೇಡ. ಹೋರಿ ಬಿಡುವ ಹೊತ್ತಿಗೆ ಹೆಂಗಸರು ಹಿತ್ತಲಿನಲ್ಲಿ ನಿಲ್ಲಬಾರದು. ಆದರೆ ಅದಾದ ಮೇಲೆ ದಿನ ಎಣಿಸುವ ಕೆಲಸ ಮಾತ್ರ ಹೆಂಗಸಿನದೇ, ಅಂದರೆ ನನ್ನದು. ಮಾವನಿಗೆ ಓದು ಬರಹ ಇಲ್ಲ. "ಬರ್ಕೊಳವ್ವ, ಆರ್ನಳ್ಳಿ, ಕಪ್ಪು ಕಿವಿ" ಎಂದು ಕೂಗುತ್ತಿದ್ದರು. ನಾನು ಆ ದಿನದ ಚೌಕದಲ್ಲಿ ಬರೆದು, ಇಪ್ಪತ್ತೊಂದನೆಯ ದಿನಕ್ಕೆ ಒಂದು ಸೊನ್ನೆ ಸುತ್ತುತ್ತಿದ್ದೆ.

ನನ್ನ ಕೆಂಪು ಚುಕ್ಕೆಯ ವಿಷಯಕ್ಕೆ ಬಂದರೆ, ಮದುವೆಯಾಗಿ ಏಳು ವರ್ಷವಾದರೂ ಅದು ಒಂದು ತಿಂಗಳೂ ತಪ್ಪಿರಲಿಲ್ಲ. ಹೊಸ ಚುಕ್ಕೆ ಕಂಡ ದಿನ ಅತ್ತೆ ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ. ಪಾತ್ರೆಗಳು ಮಾತ್ರ ಜೋರಾಗಿ ಸದ್ದು ಮಾಡುತ್ತಿದ್ದವು. ಅವರು ಕೆಟ್ಟವರಲ್ಲ. ನನ್ನನ್ನು ಅರಳಿಕಟ್ಟೆಗೆ ಕರೆದೊಯ್ದು ಸುತ್ತು ಹಾಕಿಸುವಾಗ ಮಂಡಿನೋವಿನಲ್ಲೂ ತಾವೂ ಸುತ್ತುತ್ತಿದ್ದರು. ಪರಂಗಿಹಣ್ಣು ತಿನ್ನಬೇಡ, ಮೈಗೆ ಉಷ್ಣ, ಮೊಳಕೆಕಾಳು ತಿನ್ನು ಎಂದು ಬಟ್ಟಲು ತಂದು ಮುಂದಿಡುತ್ತಿದ್ದರು. ಹುಣಸೂರಿನಲ್ಲಿ ಡಾಕ್ಟರಮ್ಮನಿಗೆ ಎರಡು ಸಲ ತೋರಿಸಿದರು. ಇಬ್ಬರೂ ಪರೀಕ್ಷೆ ಮಾಡಿಸಬೇಕು ಎಂದು ಆಕೆ ಹೇಳಿದ್ದಳು. ಇಬ್ಬರೂ ಎನ್ನುವ ಮಾತು ಬಸ್ಸಿನಿಂದ ಇಳಿಯುವಷ್ಟರಲ್ಲಿ ಎಲ್ಲರಿಗೂ ಮರೆತುಹೋಗಿತ್ತು. ನಮ್ಮನೆಯವರು ಒಳ್ಳೆಯ ಮನುಷ್ಯ, ಸಂತೆಗೆ ಹೋದರೆ ಹೂವು ತಪ್ಪದೆ ತರುತ್ತಾರೆ. ಆದರೆ ಆ ಮಾತು ಎತ್ತಿದೊಡನೆ ಅವರಿಗೆ ಬ್ಯಾರನ್ನಿನಲ್ಲಿ ಏನಾದರೊಂದು ಕೆಲಸ ನೆನಪಾಗುತ್ತಿತ್ತು.

ಒಂದು ದಿನ ಮಾವ ನೀರು ಕುಡಿಯಲು ಬಂದವರು ಕ್ಯಾಲೆಂಡರಿನ ಮುಂದೆ ನಿಂತು, "ಈ ಕೆಂಪು ಚುಕ್ಕೆ ಯಾವ ಅಸದ್ದವ್ವ?" ಎಂದು ಕೇಳಿಬಿಟ್ಟರು. ನನಗೆ ಎಲ್ಲಿ ಹೋಗಿ ಬಚ್ಚಿಟ್ಟುಕೊಳ್ಳಲಿ ಎನಿಸಿತು.

"ಗ್ಯಾಸ್ ಸಿಲಿಂಡರ್ದು ಮಾವ" ಎಂದೆ.

"ತಿಂಗಳಿಗೊಂದು ಖಾಲಿ ಮಾಡ್ತಿದ್ದೀರಾ?" ಎಂದು ಚೊಂಬು ಕೆಳಗಿಟ್ಟು ಹೋದರು.

ದನಗಳ ಮೈಮೇಲೆ ಗಂಟು ಏಳುವ ಜ್ವರ ನಮ್ಮ ಕಡೆ ಬಂದ ವರ್ಷ ಹೋರಿಗೂ ಬಂತು. ಮೈತುಂಬ ನಿಂಬೆಕಾಯಿ ಗಾತ್ರದ ಗಂಟು, ಕಾಲು ಊದಿ ನಿಲ್ಲಲಾಗದು, ಮೇವು ಮುಟ್ಟದು. ಮಾವ ಆವತ್ತೇ ಬಾಗಿಲಿಗೆ ಗಳ ಅಡ್ಡ ಕಟ್ಟಿ, ಬಂದವರಿಗೆಲ್ಲ ದೂರದಿಂದಲೇ ಕೈಮುಗಿದು, "ಜ್ವರ ವಾಸಿಯಾಗ್ಲಿ ಬನ್ರಪ್ಪ" ಎಂದರು. ದನದ ಡಾಕ್ಟರು ದಿನ ಬಿಟ್ಟು ದಿನ ಬಂದು ಸೂಜಿ ಹಾಕಿದರು. ನಮ್ಮನೆಯವರು ಹೋರಿಗೆ ಸೊಳ್ಳೆಪರದೆ ಕಟ್ಟಿದರು. ಅತ್ತೆ ಬೇವು, ಅರಿಶಿನ ಅರೆದು ಅರೆದು ಅಂಗೈ ಹಳದಿ ಮಾಡಿಕೊಂಡರು. ನಾನು ಗಂಜಿಯನ್ನು ಬಿದಿರಿನ ಗೊಟ್ಟದಲ್ಲಿ ಕುಡಿಸುವಾಗ ಅದು ದೊಡ್ಡ ಕಣ್ಣು ತಿರುಗಿಸಿ ನನ್ನನ್ನೇ ನೋಡುತ್ತಿತ್ತು. ನನ್ನ ಹಳೆಯ ಸಿಟ್ಟೆಲ್ಲ ಆಗಲೇ ಹೋಯಿತು. ಆ ಮೂಕಪ್ರಾಣಿ ನನಗೇನು ಮಾಡಿತ್ತು?

ದೀಪಾವಳಿಯ ಹೊತ್ತಿಗೆ ಹೋರಿ ಎದ್ದು ನಿಂತಿತು. ಗಂಟಿನ ಕಲೆ ಮಾಸಿತು, ಮೈಗೆ ಹೊಳಪು ಬಂತು. ಮಾವ ಗಳ ಬಿಚ್ಚಿದರು. ಎರಡು ತಿಂಗಳು ಕಾದಿದ್ದವರು ಒಬ್ಬರ ಹಿಂದೆ ಒಬ್ಬರು ಹಸು ತಂದರು.

ಆ ಸಲ ಮೊದಲು ಬಂದವಳು ಕಟ್ಟೆಮಳಲವಾಡಿಯ ಹೆಂಗಸು. ಐವತ್ತು ದಾಟಿದ ವಿಧವೆ, ಗಟ್ಟಿ ಆಳು. ಅವಳ ಹಸುವಿಗೆ ಎಡಗೊಂಬು ತುಸು ಸೊಟ್ಟ. ಆಟೋ ಹತ್ತಿದರೆ ಅದು ಬೆದರುತ್ತದೆಂದು ಯಾವಾಗಲೂ ನಡೆಸಿಕೊಂಡೇ ಬರುತ್ತಿದ್ದಳು. ಹೆಂಗಸರು ಹಿತ್ತಲಿನಲ್ಲಿ ನಿಲ್ಲಬಾರದು ಎಂದು ಅತ್ತೆ ಹೇಳಿದರೆ, "ನನ್ನ ಅಸದ ಹಗ್ಗ ಇನ್ಯಾರು ಇಡೀತಾರೆ? ನಮ್ಮೋರು ಸತ್ತು ಮ್ಯಾಲಕ್ಕೋಗವ್ರೆ, ಕರ್ಕಬರ್ಲಾ?" ಎಂದು ತಾನೇ ಹಗ್ಗ ಹಿಡಿದು ಕಂಬದ ಪಕ್ಕ ನಿಲ್ಲುವಳು. ಆ ಹಸುವಿನ ಅಜ್ಜಿ ಅವಳ ಮದುವೆಗೆ ತವರಿನಿಂದ ಬಂದ ಕರು. ಗಂಡ ಹೋದ ಮೇಲೆ ಮೈದುನನ ಮನೆಯಲ್ಲಿ ಅವಳದ್ದು ಎಂದು ಹೇಳಿಕೊಳ್ಳಲು ಉಳಿದಿದ್ದದ್ದು ಅದೊಂದೇ.

ಅವಳು ಇಪ್ಪತ್ತೊಂದು ದಿನಕ್ಕೆ ತಿರುಗಿ ಬಂದಳು. ಆಗ ಮಾವ, "ಉಷ್ಣ ಜಾಸ್ತಿ ಆಗದೆ ಕಣವ್ವ. ಕರಿಬೇವು ಕೊಡು, ಮೊಳಕೆ ಕಟ್ಟಿದ ಕಾಳು ಕೊಡು" ಎಂದರು. ಅಡುಗೆಮನೆಯ ಕಿಟಕಿಯಿಂದ ಕೇಳುತ್ತಿದ್ದ ನನ್ನ ಮುಂದೆಯೂ ಮೊಳಕೆಕಾಳಿನ ಬಟ್ಟಲೇ ಇತ್ತು. ಹಸುವಿಗೂ ನನಗೂ ಒಂದೇ ಪಥ್ಯ. ನನಗೆ ನಗು ಬಂತು, ಆಮೇಲೆ ಬಟ್ಟಲನ್ನು ಪಕ್ಕಕ್ಕೆ ಸರಿಸಿದೆ.

ಡಿಸೆಂಬರಿನಲ್ಲಿ ಅವಳು ಮೂರನೆಯ ಸಲ ಬಂದಾಗ ಮಾತು ಕಡಿಮೆಯಾಗಿತ್ತು. ನಾನು ಕೊಟ್ಟ ಕಾಫಿಯ ಲೋಟ ಹಿಡಿದು ಹಿತ್ತಲ ಮೆಟ್ಟಿಲ ಮೇಲೆ ಕೂತಳು. "ನಮ್ಮ ಮೈದ್ನ ಯೋಳವ್ನೆ ಕಣಮ್ಮ. ಇನ್ನೊಂದ್ಸಲ ತಿರುಗಿದ್ರೆ ಗೊಡ್ಡು ಅಂತ ಸಂತೆಗೆ ಒಡೀತಾನಂತೆ. ಗೊಡ್ಡು ದನಾನ ಸಂತೇಲಿ ಯಾರು ತಕ್ಕೋತಾರೆ ಅಂತ ನಿಂಗೂ ಗೊತ್ತು."

ನನಗೆ ಗೊತ್ತಿತ್ತು. ಆ ಮಧ್ಯಾಹ್ನ ಯಾಕೋ ಕ್ಯಾಲೆಂಡರಿನ ಮುಂದೆ ನಿಂತು ಹಾಳೆ ಹಿಂದೆ ಮುಂದೆ ತಿರುಗಿಸಿದೆ. ದೀಪಾವಳಿಯಿಂದ ಈಚೆಗೆ ಬಂದ ಹಸು ಹನ್ನೆರಡು. ಹನ್ನೆರಡೂ ಒಂದು ಸಲವಾದರೂ ತಿರುಗಿ ಬಂದಿದ್ದವು. ಹಾರನಹಳ್ಳಿಯ ಕಪ್ಪು ಕಿವಿಯದ್ದು, ವೀರನಹೊಸಹಳ್ಳಿಯ ಜೋಡಿ ಹಸುಗಳು, ಎಲ್ಲವೂ. ಒಂದೊಂದು ಊರಿನವರೂ ತಮ್ಮ ತಮ್ಮ ಹಸುವಿನದೇ ದೋಷ ಎಂದುಕೊಂಡು ಬೇರೆ ಬೇರೆ ದಿನ ಬಂದು ಹೋಗಿದ್ದರಿಂದ ಯಾರಿಗೂ ಅದು ಒಟ್ಟಿಗೆ ಕಂಡಿರಲಿಲ್ಲ. ಎಲ್ಲ ಒಟ್ಟಿಗೆ ಇದ್ದದ್ದು ನನ್ನ ಗೋಡೆಯ ಮೇಲೆ ಮಾತ್ರ. ಐವತ್ತು ವರ್ಷ ದನದ ಜೊತೆ ಬದುಕಿದ ಮಾವನಿಗೂ ಅದು ಹೊಳೆದಿರಲಿಲ್ಲ. ಗೊಡ್ಡು ಬೀಳುವುದು ಹಸು. ಹೋರಿಗೂ ಹಾಗಾಗಬಹುದು ಎಂದು ಯೋಚಿಸಿ ನಮಗ್ಯಾರಿಗೂ ಅಭ್ಯಾಸವೇ ಇರಲಿಲ್ಲ.

ನಮ್ಮನೆಯವರಿಗೆ ಹೇಳಿದೆ. ಅವರು ಬಿಳಿಚಿಕೊಂಡರು. "ಅಪ್ಪಂಗೆ ಯೋಳ್ಬ್ಯಾಡ ಕಣೆ. ಓರಿ ಎಸ್ರು ಓದ್ರೆ ಅಪ್ಪ ಬದುಕಲ್ಲ" ಎಂದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವಳಲ್ಲ ನಾನು. ಆದರೂ ಸುಮ್ಮನಾದೆ. ಮಕ್ಕಳಾಗದವಳು ಹೋರಿಯ ಬೀಜಕ್ಕೆ ಹೆಸರಿಟ್ಟಳು ಎಂದು ನಾಳೆ ಊರು ಆಡಿಕೊಂಡರೆ ಎಂಬ ಭಯ. ಮೂರು ವಾರ ಹಾಗೇ ಸುಮ್ಮನಿದ್ದೆ. ಈಗಲೂ ಆ ಮೂರು ವಾರ ನೆನೆದರೆ ನನಗೆ ನಾಚಿಕೆಯಾಗುತ್ತದೆ.

ಹೊಸ ಕ್ಯಾಲೆಂಡರ್ ಬಂತು. ಸಂಕ್ರಾಂತಿ ಬಂತು. ಹೋರಿಗೆ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಸಂಜೆ ಕಿಚ್ಚು ಹಾಯಿಸಲು ಊರ ದನಗಳ ಮುಂದೆ ನಡೆಸಿದರು. ಅದು ಬೆಂಕಿ ದಾಟಿದ ಚೆಂದಕ್ಕೆ ಜನ ಶಿಳ್ಳೆ ಹೊಡೆದರು. ಮಾವನ ಮುಖ ನೋಡಬೇಕಿತ್ತು. ಮಾರನೆಯ ಬೆಳಿಗ್ಗೆ ಕಟ್ಟೆಮಳಲವಾಡಿಯವಳ ಫೋನು ಬಂತು. "ತಿರುಗ್ಬುಡ್ತು ಕಣಮ್ಮ. ನಾಳಿಕ್ಕೆ ಆಟೋ ಬತ್ತದಂತೆ" ಎಂದಷ್ಟೇ ಹೇಳಿ, ನನ್ನ ಉತ್ತರಕ್ಕೂ ಕಾಯದೆ ಇಟ್ಟುಬಿಟ್ಟಳು.

ನಾನು ಎರಡೂ ಕ್ಯಾಲೆಂಡರನ್ನು ಮೊಳೆಯಿಂದ ತೆಗೆದುಕೊಂಡು ಕೊಟ್ಟಿಗೆಯ ಜಗುಲಿಗೆ ಹೋದೆ. ಮಾವ ಹಗ್ಗ ಹೊಸೆಯುತ್ತಿದ್ದರು. ಅತ್ತೆ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು.

"ಮಾವ, ಜ್ವರ ವಾಸಿಯಾದ್ಮೇಲೆ ಬಂದ ಅಸ ಹನ್ನೆರಡು. ಹನ್ನೆರಡೂ ತಿರುಗವೆ. ಒಂದ್ಸಲ ಡಾಕ್ಟ್ರನ್ನ ಕೇಳಿ. ತೊಂದ್ರೆ ಅಸದ್ದಲ್ಲ, ನಮ್ಮ ಓರೀದು."

ಮಾವನ ಕೈಯ ಹಗ್ಗ ನಿಂತಿತು. ಆ ಏಳು ವರ್ಷದಲ್ಲಿ ಅವರು ನನ್ನ ಮೇಲೆ ದನಿ ಏರಿಸಿದ್ದು ಅದೇ ಮೊದಲು. "ಏನವ್ವ ಅಂತಿದ್ದೀಯ ನೀನು? ನಮ್ಮನೆ ಓರಿ ಮ್ಯಾಲೆ ತಪ್ಪು ಒರಿಸ್ತೀಯಾ? ಓರಿ ಏನ್ ಮಾಡ್ತದೆ, ಅಸ ಇಡ್ಕಬೇಕು!"

ಮೂಗಿನ ತುದಿಯ ಸಿಟ್ಟು ಬಾಯಿಗೆ ಇಳಿಯಿತು. "ಹನ್ನೆರಡು ಅಸಾನೂ ಮಾತಾಡ್ಕಂಡು ಇಡೀದೆ ಬುಟ್ಟವಾ ಮಾವ? ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ, ಅಂಗಾಯ್ತು ನಿಮ್ಮ ಮಾತು. ಆ ಯಮ್ಮನ ಅಸಾನ ನಾಳೆ ಕಟುಕರಿಗೆ ಒಡೀತಾವ್ರೆ. ಅದು ಮಾಡಿದ ತಪ್ಪೇನು?"

ಅತ್ತೆ ಬಾಯಿಗೆ ಸೆರಗು ಹಿಡಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಕ್ಯಾಲೆಂಡರ್ ಅಲ್ಲೇ ಬಿಟ್ಟು ಒಳಗೆ ಬಂದು ಒಲೆಯ ಮುಂದೆ ನಿಂತೆ.

ಮಧ್ಯಾಹ್ನ ಮುದ್ದೆ ಬಡಿಸಿದರೆ ಮಾವ ಏಳಲಿಲ್ಲ. ಓದಲು ಬಾರದ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಸೊನ್ನೆಗಳ ಮೇಲೆ ಬೆರಳಾಡಿಸುತ್ತ ಕೂತಿದ್ದರು. ಬಿಸಿಲು ಇಳಿಯುವಾಗ ನನ್ನನ್ನು ಕರೆದು, "ಡಾಕ್ಟ್ರಿಗೆ ಒತ್ತವ್ವ" ಎಂದು ಫೋನು ಕೊಟ್ಟರು. ನಾನು ಸ್ಪೀಕರ್ ಹಾಕಿ ಹಿಡಿದೆ.

ದನದ ಡಾಕ್ಟರು ಎಲ್ಲ ಕೇಳಿಸಿಕೊಂಡು ಹೇಳಿದರು: "ಹೌದು ಯಜಮಾನ್ರೇ, ಆ ಜ್ವರ ಬಂದ ಹೋರಿಗೆ ಬೀಜ ಕೆಡೋದುಂಟು. ಕೆಲವಕ್ಕೆ ಕೆಲವು ತಿಂಗಳಲ್ಲಿ ಸರಿಹೋಗುತ್ತೆ, ಕೆಲವಕ್ಕೆ ಹೋಗಲ್ಲ. ನಾನೊಂದಿನ ಬಂದು ಪರೀಕ್ಷೆ ಮಾಡ್ತೀನಿ. ಅಲ್ಲೀವರೆಗೂ ಬಿಡಬೇಡಿ. ಮೊದಲೇ ಕೇಳಬಾರದಾಗಿತ್ತಾ?"

ಮೊದಲೇ ಎನ್ನುವ ಮಾತು ಬಿದ್ದದ್ದು ಮಾವನಿಗಲ್ಲ, ನನಗೆ.

ಮಾವ ಎದ್ದು ಹೋರಿಯ ಬಳಿಗೆ ಹೋದರು. ಅದು ಅವರ ತೋಳು ನೆಕ್ಕಿತು. ಅವರು ಅದರ ಕತ್ತಿನ ಕೆಳಗಿನ ಗಂಗೆದೊಗಲು ಸವರುತ್ತ ಬಹಳ ಹೊತ್ತು ನಿಂತರು. "ನಿಂದೂ ತಪ್ಪಲ್ಲ ಬುಡು ಮಗಾ. ಜ್ವರ ಬಂತು, ನೀನೇನ್ ಮಾಡೀಯೆ" ಎಂದದ್ದು ನನಗೆ ಕೇಳಿಸಿತು.

ಮಾರನೆಯ ದಿನ ಬೆಳಕು ಹರಿಯುತ್ತಲೇ ಅವರು ಬೇಲಿಯಿಂದ ಮುಳ್ಳುಕಂಟಿ ಕಡಿದು ತಂದು ಎರಡು ಕಲ್ಲುಕಂಬಗಳ ನಡುವೆ ಅಡ್ಡ ಇಟ್ಟರು. ಆಮೇಲೆ ಮೊಪೆಡ್ ತೆಗೆದರು. "ಆಳೆ ತಕ್ಕಂಡು ಅತ್ತವ್ವ. ಯಾವ್ಯಾವ ಊರು ಅಂತ ನೀನೇ ಯೋಳ್ಬೇಕು" ಎಂದರು. ನಾನು ಹಳೆಯ ಕ್ಯಾಲೆಂಡರಿನ ಎರಡು ಹಾಳೆ, ಹೊಸದರ ಒಂದು ಹಾಳೆ ಹರಿದು ಸುರುಳಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಹಿಂದೆ ಕೂತೆ.

ಮೊದಲು ಕಟ್ಟೆಮಳಲವಾಡಿ. ಅಷ್ಟು ಹೊತ್ತಿಗಾಗಲೇ ಆಟೋ ಬಂದಿತ್ತು. ಹಲಗೆ ಇಳಿಜಾರು ಹಾಕಿ, ಮೈದುನ ಹಸುವಿನ ಹಗ್ಗ ಎಳೆಯುತ್ತಿದ್ದ. ಹಸು ನಾಲ್ಕೂ ಕಾಲು ಊರಿ ನಿಂತಿತ್ತು. ಹೆಂಗಸು ಬಾಗಿಲಲ್ಲಿ ಕಲ್ಲಿನ ಹಾಗೆ ನಿಂತಿದ್ದಳು. ಮಾವ ಮೊಪೆಡ್ ಇಳಿದರು. ಚಪ್ಪಲಿ ಬಿಟ್ಟು, ಹೆಗಲ ಮೇಲಿನ ಟವಲು ತೆಗೆದು ಕೈಯಲ್ಲಿ ಹಿಡಿದು, ಬೀದಿಗೆಲ್ಲ ಕೇಳುವಂತೆ ಹೇಳಿದರು:

"ಅಗ್ಗ ಬುಡಪ್ಪ. ತಪ್ಪು ಈ ಅಸದ್ದಲ್ಲ, ನನ್ನ ಓರೀದು. ಜ್ವರ ಬಂದು ಅದರ ಬೀಜ ಕೆಟ್ಟದೆ. ಗೊತ್ತಿಲ್ದೆ ಮೂರ್ ಸಲ ನಡೆಸ್ದೆ ಈ ಯಮ್ಮನ್ನ. ಬೇರೆ ಕಡೆ ಕೊಡಿಸಿ ನೋಡಿ. ಆಮೇಕೆ ಬೇಕಾದ್ರೆ ನನ್ನ ಬಯ್ಯಿ."

ಅಕ್ಕಪಕ್ಕದ ಮನೆಯವರು ಹೊರಗೆ ಬಂದಿದ್ದರು. ಯಾರೋ ಕಿಸಕ್ಕನೆ ನಕ್ಕರು. ಮಾವ ಅಲುಗಲಿಲ್ಲ. ಅಷ್ಟು ಹಿರಿಯ ಮನುಷ್ಯ ಟವಲು ಕೈಯಲ್ಲಿ ಹಿಡಿದು ನಿಂತದ್ದು ನೋಡಿ ಮೈದುನನೇ ತಲೆತಗ್ಗಿಸಿ ಹಗ್ಗ ಬಿಟ್ಟ. ಆ ಹೆಂಗಸು ಮಾವನ ಕಡೆಗೂ ನೋಡಲಿಲ್ಲ, ನನ್ನ ಕಡೆಗೂ ನೋಡಲಿಲ್ಲ. ನೇರ ಹಸುವಿನ ಬಳಿಗೆ ಬಂದು ಅದರ ಸೊಟ್ಟಕೊಂಬು ಹಿಡಿದು, "ಕೇಳುಸ್ಕಂಡ್ಯೇನೇ? ನಿಂದಲ್ಲವಂತೆ ಕಣೇ ತಪ್ಪು" ಎಂದಳು. ಎರಡು ಸಲ ಹೇಳಿದಳು. ನಾನು ಮೊಪೆಡ್ಡಿನ ಹಿಂದೆ ತಿರುಗಿ ನಿಂತು ಕಣ್ಣೊರೆಸಿಕೊಂಡೆ. ಏಳು ವರ್ಷದಲ್ಲಿ ಯಾರೂ ನನ್ನ ಕಿವಿಯಲ್ಲಿ ಆ ಮಾತು ಹೇಳಿರಲಿಲ್ಲ.

ಎರಡು ದಿನ ತಿರುಗಿದೆವು. ಪ್ರತಿ ಮನೆಯ ಮುಂದೆಯೂ ಮಾವ ಚಪ್ಪಲಿ ಬಿಟ್ಟರು, ಟವಲು ತೆಗೆದರು, ಅದೇ ಮಾತು ಹೇಳಿದರು. ಒಬ್ಬರು ಗೇಲಿ ಮಾಡಿದರು. ಒಬ್ಬರು, ಇದನ್ನ ಫೋನಿನಲ್ಲಿ ಹೇಳಿದ್ದರೆ ಆಗುತ್ತಿರಲಿಲ್ಲವೇ ಎಂದರು. "ಅಸ ನಡ್ಕಂಡ್ ಬಂದಿತ್ತಲ್ಲಪ್ಪ, ನಾನೂ ಬರ್ಬೇಕು" ಎಂದರು ಮಾವ.

ಕೊನೆಯ ಹಸು ಹಾರನಹಳ್ಳಿಯ ಕಪ್ಪು ಕಿವಿಯದ್ದು. ಅದು ಎರಡನೆಯ ಸಲ ಬಂದುಹೋದ ಮೇಲೆ ಮತ್ತೆ ಬಂದಿರಲಿಲ್ಲ. ಬೇರೆಲ್ಲ ಹಸು ತಿರುಗಿದರೂ ಇದೊಂದು ಗಬ್ಬ ನಿಂತಿರಬೇಕು ಎಂದು ನಾನು ಆಸೆಯಿಂದ ಇದ್ದೆ. ಕೊಟ್ಟಿಗೆಯಲ್ಲಿ ಗೂಟ ಖಾಲಿ. ಹಗ್ಗ ಮಾತ್ರ ಸುತ್ತಿಟ್ಟಿತ್ತು.

"ಓದ ವಾರ ಸಂತೆಗೆ ಒಡೆದ್ಬುಟ್ಟೆ ಯಜಮಾನ" ಎಂದ ಆ ಮನೆಯವನು. "ಗೊಡ್ಡು ಬಿದ್ದದೆ ಅಂದ್ಕಂಡೆ."

ಮಾವ ಅಲ್ಲೇ ಜಗುಲಿಯ ಮೇಲೆ ಕುಸಿದು ಕೂತರು. ಅವನು ಬಯ್ಯಲಿಲ್ಲ. ಒಳಗೆ ಕೂಗಿ ನಮಗೆ ಕಾಫಿ ತರಿಸಿದ. ಬೈದಿದ್ದರೆ ಚೆನ್ನಾಗಿತ್ತು. ಆ ಮೂರು ವಾರ ನಾನು ಬಾಯಿ ಬಿಟ್ಟಿದ್ದರೆ ಆ ಗೂಟದಲ್ಲಿ ಹಸು ಇರುತ್ತಿತ್ತು. ದಾರಿಯಲ್ಲಿ ಮಾವನಿಗೆ ಅದನ್ನು ಹೇಳಿದೆ. ಮೊದಲೇ ಗೊತ್ತಿತ್ತು, ಹೆದರಿಕೊಂಡು ಸುಮ್ಮನಿದ್ದೆ ಎಂದೆ. ಅವರು ಗಾಡಿ ನಿಲ್ಲಿಸಲಿಲ್ಲ, ತಿರುಗಿ ನೋಡಲೂ ಇಲ್ಲ. ಸ್ವಲ್ಪ ದೂರ ಹೋದ ಮೇಲೆ, "ಎದರಿಸಿದ್ದೋರು ನಾವಲ್ವಾ" ಎಂದರು.

ಮನೆ ತಲುಪಿದಾಗ ಮಧ್ಯಾಹ್ನ ಮೂರು ಗಂಟೆ. ನಾನು ಚೀಲ ಇಳಿಸುತ್ತ, "ಎಲ್ಲಾ ಮನೆ ಆಯ್ತು ಮಾವ, ಬನ್ನಿ, ಊಟ ಮಾಡಿ" ಎಂದೆ.

"ಎಲ್ಲಾಯ್ತು? ಇದೊಂದು ಮನೆ ಉಳ್ಕಂಡದೆ" ಎಂದರು ಮಾವ.

ನಮ್ಮ ಹೊಸ್ತಿಲ ಹೊರಗೇ ನಿಂತರು. ಚಪ್ಪಲಿ ಬಿಟ್ಟರು. ಟವಲು ಹೆಗಲಿಂದ ತೆಗೆದು ಕೈಯಲ್ಲಿ ಹಿಡಿದರು. ಒಳಗಿದ್ದ ಅತ್ತೆಯನ್ನೂ ಮಗನನ್ನೂ ಕೂಗಿ ಕರೆದರು. ಇಬ್ಬರೂ ಏನಾಯಿತೋ ಎಂದು ಓಡಿ ಬಂದರು.

"ಏಳು ವರ್ಸದಿಂದ ಈ ಮಗೀನ ಮ್ಯಾಲೆ ಒರಿಸ್ಕಂಡ್ ಬಂದಿದ್ದೀವಿ" ಎಂದರು ಮಾವ. "ತಪ್ಪು ಇವಳದು ಅಂತ ಕಂಡೋರ್ ಯಾರು? ನೀ ಕಂಡಿದ್ದಾ? ನಾ ಕಂಡಿದ್ನಾ? ಓರಿ ಮ್ಯಾಲೆ ತಪ್ಪು ಒರಿಸ್ತೀಯಾ ಅಂತ ಇವಳನ್ನೇ ಗದರ್ಸ್ದೆ ನಾನು." ಆಮೇಲೆ ನನ್ನ ಕಡೆ ತಿರುಗಿದರು. "ಆ ಕೆಂಪು ಚುಕ್ಕೆ ಸಿಲಿಂಡರ್ದಲ್ಲ ಅಂತ ನಂಗೆ ಅವತ್ತೇ ಗೊತ್ತಾಯ್ತು ಕಣವ್ವ. ಊರೋರ ಅಸದ ದಿನ ಬರ್ಸೋನಿಗೆ ಗೊತ್ತಾಗಲ್ವಾ? ಗೊತ್ತಿದ್ದೂ ಸುಮ್ಕಿದ್ದೆ. ಅದು ನನ್ನ ತಪ್ಪು."

ಮಗನಿಗೆ ಹೇಳಿದ್ದು ಎರಡೇ ಮಾತು. "ನಾಳಿಕ್ಕೆ ಇಬ್ರೂ ಮೈಸೂರಿಗೆ ಓಗಿ ತೋರುಸ್ಕಳಿ. ಮೊದ್ಲು ನೀನು."

ನಮ್ಮನೆಯವರು ಯಾವ ಕೆಲಸವನ್ನೂ ನೆನಪಿಸಿಕೊಳ್ಳಲಿಲ್ಲ. ನೆಲ ನೋಡುತ್ತ "ಊಂ" ಎಂದರು. ನಾನು ಅಳುವುದಿಲ್ಲ ಎಂದು ಹಲ್ಲು ಕಚ್ಚಿ ನಿಂತಿದ್ದೆ, ಆದರೆ ಅತ್ತೆ ಮೊದಲು ಅತ್ತುಬಿಟ್ಟರು. ಅವರನ್ನು ನೋಡಿ ನನಗೂ ಅಳು ಬಂತು. ಮಾವ ಟವಲಿನಿಂದ ಮುಖ ಒರೆಸಿಕೊಂಡು ಕಾಲು ತೊಳೆಯಲು ಹೋದರು.

ಸೊಟ್ಟಕೊಂಬಿನ ಹಸು ಮುಂದಿನ ಬೆದೆಗೇ ಬೇರೊಂದು ಊರಿನ ಹೋರಿಗೆ ಗಬ್ಬ ನಿಂತಿತು. ಕರು ನಡೆಯುವಂತಾದ ಮೇಲೆ ಅವಳು ತಾಯಿ ಮಗು ಇಬ್ಬರನ್ನೂ ನಡೆಸಿಕೊಂಡು ನಮ್ಮ ಹಿತ್ತಲಿಗೆ ಬಂದಳು. ಮಾವ ಆ ಕರುವನ್ನು ತಮ್ಮದೇ ಎನ್ನುವಂತೆ ತಿರುಗಿಸಿ ಮುರುಗಿಸಿ ನೋಡಿ, ಕಿವಿ ಎಳೆದು, "ಚೆಂದಾಗದೆ" ಎಂದರು. ನಮ್ಮ ಹೋರಿಗೆ ಬೀಜ ಮರಳಲಿಲ್ಲ. ಡಾಕ್ಟರು ಎರಡು ಸಲ ಪರೀಕ್ಷೆ ಮಾಡಿ ತಲೆಯಾಡಿಸಿದರು. ಕೆಲಸಕ್ಕೆ ಬಾರದ ಹೋರಿಗೆ ಯಾಕೆ ಹುರುಳಿ ಬೇಯಿಸುತ್ತೀರಿ ಎಂದು ಕೇಳುವವರಿಗೆ ಮಾವ, "ಬೀಜ ಓದ್ರೆ ಒಟ್ಟೆ ಓಯ್ತದಾ?" ಎನ್ನುತ್ತಾರೆ. ಅದು ಈಗಲೂ ನಮ್ಮ ಕೊಟ್ಟಿಗೆಯಲ್ಲಿದೆ, ಬೇಸಾಯಕ್ಕೆ ಹೋಗುತ್ತದೆ.

ಮೈಸೂರಿನಲ್ಲಿ ಡಾಕ್ಟರು ಏನು ಹೇಳಿದರು, ದೋಷ ಯಾರದು ಎಂದು ನಾನು ಬರೆಯುವುದಿಲ್ಲ. ಮಾವನೂ ಅದನ್ನು ಕೇಳಲಿಲ್ಲ. ನಾವಿಬ್ಬರೂ ಬಸ್ಸಿನಲ್ಲಿ ಒಬ್ಬರ ಪಕ್ಕ ಒಬ್ಬರು ಕೂತು ಹೋದೆವು, ಹಾಗೇ ಕೂತು ಬಂದೆವು. ನಮಗೆ ಮಕ್ಕಳಾಗಲಿಲ್ಲ.

ಕ್ಯಾಲೆಂಡರಿನಲ್ಲಿ ಈಗ ನೀಲಿ ಬರಹವಿಲ್ಲ, ಕೆಂಪು ಚುಕ್ಕೆ ಮಾತ್ರ. ಈ ತಿಂಗಳು ಕೆಂಪು ಪೆನ್ನು ಎಲ್ಲಿಟ್ಟೆನೋ ಎಂದು ಡಬ್ಬಿಗಳ ಹಿಂದೆ ತಡಕಾಡುತ್ತಿದ್ದೆ. ಅತ್ತೆ ನೋಡಿದರು. ಪಾತ್ರೆ ಸದ್ದು ಮಾಡಲಿಲ್ಲ. ದೇವರ ಗೂಡಿನಿಂದ ಪೆನ್ನು ತಂದು ನನ್ನ ಕೈಗೆ ಕೊಟ್ಟು, "ಒಟ್ಟೆ ನೋಯ್ತದಾ ಮಗಾ? ಬಿಸಿನೀರು ಕಾಯಿಸ್ಲಾ?" ಎಂದು ಕೇಳಿದರು.